ದಖ್ಖನದ ಕಠಾರಿಗಳು: ಸಿಲೇಖಾನೆಯಿಂದ ಹರಾಜಿನ ಕಟ್ಟೆಗೆ

ದಕ್ಷಿಣ ಭಾರತದ ಯುದ್ಧೇತಿಹಾಸವನ್ನು ಕುರಿತು ಬರೆದಿರುವ ನಮ್ಮ ವಿದ್ವಾಂಸರು ಶಾಸನಗಳನ್ನೂ ವೀರಗಲ್ಲುಗಳನ್ನೂ ವಿದೇಶೀ ಪ್ರವಾಸಿಗಳ ಬರಹಗಳನ್ನೂ ಧಾರಾಳವಾಗಿ ಬಳಸಿಕೊಂಡಿದ್ದಾರೆ. ಯೋಧನ ನಡುವಿನಲ್ಲಿ ಸಿಕ್ಕಿಸಿದ್ದ ಆಯುಧವನ್ನೇ ಆಧಾರವಾಗಿ ತೆಗೆದುಕೊಂಡವರು ಮಾತ್ರ ವಿರಳ. ಇದಕ್ಕೆ ಕಾರಣವಿಲ್ಲದಿಲ್ಲ. ಶಾಸನವು ನೆಟ್ಟ ಸ್ಥಳದಲ್ಲಿಯೇ ನಿಲ್ಲುತ್ತದೆ. ಕಠಾರಿಯು ಕೈಯಿಂದ ಕೈಗೆ ಹೋಗುತ್ತದೆ. ಇಂದು ನಮ್ಮ ಅಧ್ಯಯನಕ್ಕೆ ದೊರೆಯುವ ಕಠಾರಿ, ಖಂಜರ, ಬಾಕುಗಳಲ್ಲಿ ಬಹುಭಾಗವು ಉತ್ಖನನದಿಂದ ಬಂದುದಲ್ಲ. ಪ್ರಾಚೀನ ಆಯುಧಗಳ ವ್ಯಾಪಾರವನ್ನೇ ವೃತ್ತಿಯಾಗಿ ಉಳ್ಳ ವರ್ತಕರ ಅಂಗಡಿಗಳನ್ನೂ ಲಂಡನ್ನಿನ ಹರಾಜುಮನೆಗಳನ್ನೂ ಹಾದು ಬಂದುದು. ಆದುದರಿಂದ ಈ ವ್ಯಾಪಾರವು ಆಯುಧದ ಮೇಲೆ ಏನನ್ನು ಉಳಿಸಿತು, ಏನನ್ನು ಅಳಿಸಿತು ಎಂಬುದನ್ನು ವಿಚಾರಿಸದೆ ಆಯುಧವನ್ನು ಸಾಕ್ಷಿಯಾಗಿ ಕರೆಯುವಂತಿಲ್ಲ.

ಕಠಾರಿಯ ರೂಪವು ವಿಶಿಷ್ಟವಾದುದು. ಇದರ ಹಿಡಿ ಅಲಗಿನ ನೇರಕ್ಕೆ ಇರದೆ ಅಡ್ಡಲಾಗಿರುತ್ತದೆ. ಎರಡು ಕಂಬಿಗಳ ನಡುವಣ ಅಡ್ಡಪಟ್ಟಿಯನ್ನು ಮುಷ್ಟಿಯಲ್ಲಿ ಹಿಡಿದು, ಗುದ್ದುವಂತೆ ಇರಿಯಬೇಕು. ದಕ್ಷಿಣದ ಹಳೆಯ ಮಾದರಿಗಳಲ್ಲಿ ಮುಷ್ಟಿಯನ್ನು ಮುಚ್ಚುವ ಎಲೆಯಾಕಾರದ ಕವಚವೊಂದಿರುತ್ತದೆ. ಇಂಥವುಗಳಲ್ಲಿ ಅನೇಕಕ್ಕೆ ಜೋಡಿಸಿರುವ ಅಲಗುಗಳು ಯೂರೋಪಿನ ಕತ್ತಿಗಳನ್ನು ಕತ್ತರಿಸಿ ಮಾಡಿದವು. ಪಶ್ಚಿಮ ಕರಾವಳಿಯ ಬಂದರುಗಳಲ್ಲಿ ವಿದೇಶದ ಅಲಗು ಒಂದು ಸರಕಾಗಿತ್ತೆಂಬುದನ್ನು ಇದರಿಂದ ತಿಳಿಯಬಹುದು. ಎಂದರೆ, ಆಯುಧವು ಯುದ್ಧಕ್ಕೆ ಹೋಗುವ ಮೊದಲೇ ಒಮ್ಮೆ ವ್ಯಾಪಾರಕ್ಕೆ ಒಳಗಾಗಿತ್ತು. ಆದರೆ ನಾವು ಪ್ರಕೃತ ವಿಚಾರಿಸತಕ್ಕದ್ದು ಯುದ್ಧ ಮುಗಿದ ಮೇಲಣ ವ್ಯಾಪಾರವನ್ನು.

ಆ ವ್ಯಾಪಾರಕ್ಕೆ ಸರಕನ್ನು ಒದಗಿಸಿದುದು ರಾಜ್ಯಗಳ ಪತನ. ತಂಜಾವೂರಿನ ಮರಾಠಾ ದೊರೆ ಎರಡನೆಯ ಶಿವಾಜಿಯು ಗಂಡುಸಂತಾನವಿಲ್ಲದೆ ೧೮೫೫ರಲ್ಲಿ ತೀರಿಕೊಂಡ ಮೇಲೆ ಆ ಮನೆತನದ ರಾಜಪದವಿಯು ಕೊನೆಗೊಂಡಿತು. ಅರಮನೆಯ ಸಿಲೇಖಾನೆಯನ್ನು ೧೮೬೦ರ ದಶಕದಲ್ಲಿ ಮದರಾಸು ಸರ್ಕಾರವು ಬರಿದುಮಾಡಿತು. ಆಯ್ದ ಕೆಲವು ಆಯುಧಗಳು ಮದರಾಸಿನ ವಸ್ತುಸಂಗ್ರಹಾಲಯವನ್ನು ಸೇರಿದವು. ಬಹಳಷ್ಟು ಮುರಿದ ಲೋಹವಾಗಿ ವಿಲೇವಾರಿಯಾದವು. ಉಳಿದವು ಕಾಲಕ್ರಮದಲ್ಲಿ ಯೂರೋಪು ಅಮೆರಿಕಗಳ ಸಂಗ್ರಹಗಳಿಗೆ ಹೋದವು. ನಾಯಕರ ಕಾಲದವೆಂದೂ, ಕೆಲವು ವಿಜಯನಗರದ ಕಾಲದವೆಂದೂ ತಜ್ಞರು ಊಹಿಸುವ ಕಠಾರಿಗಳು ಈ ಗುಂಪಿನಲ್ಲಿದ್ದವು. ಆಯುಧಗಳು ಯಾವ ಕ್ರಮದಲ್ಲಿದ್ದವು, ಯಾವುದರ ಪಕ್ಕದಲ್ಲಿ ಯಾವುದಿತ್ತು ಎಂಬ ಸಂಗತಿಯೇ ಕಾಲನಿರ್ಣಯಕ್ಕೆ ಅರ್ಧ ಆಧಾರ. ಮುರಿದ ಕಬ್ಬಿಣವೆಂದು ತೂಕಕ್ಕೆ ಹಾಕಿದವನಿಗೆ ಇದು ಬೇಕಾಗಿರಲಿಲ್ಲ. ವರ್ತಕನನ್ನು ದೂಷಿಸುವ ಮೊದಲು ಇದನ್ನು ನೆನೆಯುವುದು ನ್ಯಾಯ: ಸರ್ಕಾರವು ಮುರಿದುದನ್ನು ವರ್ತಕನು ಎಷ್ಟೋ ಸಂದರ್ಭಗಳಲ್ಲಿ ಉಳಿಸಿದ್ದಾನೆ.

ತಂಜಾವೂರಿಗೆ ವ್ಯತಿರಿಕ್ತವಾದ ನಿದರ್ಶನವೊಂದು ದೂರದ ಬಿಕಾನೇರಿನಿಂದ ದೊರೆಯುತ್ತದೆ. ಬಿಜಾಪುರದ ಸೇನಾನಿ ಸಿದ್ದಿ ಮಸೂದನ ವಶದಲ್ಲಿದ್ದ ಆದವಾನಿಯ ದುರ್ಗವು ೧೬೮೮ರಲ್ಲಿ ಮೊಗಲರಿಗೆ ಶರಣಾಯಿತು. ಔರಂಗಜೇಬನ ಪಕ್ಷದಲ್ಲಿ ದಖ್ಖನದಲ್ಲಿ ಕಾದಿದ ಬಿಕಾನೇರಿನ ಮಹಾರಾಜ ಅನೂಪಸಿಂಹನು ಅಲ್ಲಿಯ ಆಯುಧಗಳನ್ನು ತನ್ನ ರಾಜಧಾನಿಗೆ ಸಾಗಿಸಿದನು. ಬಿಕಾನೇರಿನ ಸಿಲೇಖಾನೆಯ ಕರಣಿಕರು ಅವುಗಳ ಮೇಲೆ ಮೊಳೆಯಂಥ ಸಾಧನದಿಂದ ಬಿಂದುಬಿಂದುವಾಗಿ ಕುಟ್ಟಿ ನಾಗರೀ ಲಿಪಿಯಲ್ಲಿ ಗುರುತು ಹಾಕಿದರು. ಊರಿನ ಹೆಸರು, ವಿಕ್ರಮ ಸಂವತ್ಸರ, ಕ್ರಮಸಂಖ್ಯೆ: ಇಷ್ಟೇ. ಅಲಂಕಾರಕ್ಕಾಗಿ ಹಾಕಿದುದಲ್ಲ, ಲೆಕ್ಕಕ್ಕಾಗಿ ಹಾಕಿದುದು. ಆದರೆ ಆದವಾನಿಯ ಹೆಸರುಳ್ಳ ಕಠಾರಿಯೊಂದು ೧೬೮೮-೮೯ಕ್ಕಿಂತ ಹಿಂದಿನದೆಂದೂ, ಆದಿಲಶಾಹಿಯ ಅಂತ್ಯಕಾಲದಲ್ಲಿ ತುಂಗಭದ್ರೆಯ ದಕ್ಷಿಣದ ದುರ್ಗವೊಂದರಲ್ಲಿ ಇತ್ತೆಂದೂ ನಿಶ್ಚಯವಾಗಿ ಹೇಳಲು ಈ ಬಿಂದುಗಳು ಸಾಕು. ದಖ್ಖನದ ಆಯುಧಗಳ ಕಾಲವನ್ನು ಗೊತ್ತುಮಾಡುವಲ್ಲಿ ಇಷ್ಟು ಗಟ್ಟಿಯಾದ ನೆಲೆ ಬೇರೆ ವಿರಳ. ಇಂಥ ಗುರುತುಳ್ಳ ಆಯುಧಗಳಲ್ಲಿ ಅನೇಕವು ೨೦ನೆಯ ಶತಮಾನದಲ್ಲಿ ಪಾಶ್ಚಾತ್ಯ ಮಾರುಕಟ್ಟೆಗೆ ಬಂದವು. ಈಗಲೂ ಆಗಾಗ ಹರಾಜಿನ ಪಟ್ಟಿಗಳಲ್ಲಿ ಕಾಣಿಸಿಕೊಳ್ಳುತ್ತವೆ.

ಈ ಬಿಂದುಗಳು ಆಳವಾದವಲ್ಲ. ನಮ್ಮ ನಾಡಿನ ಉಕ್ಕಿನ ಅಲಗುಗಳಲ್ಲಿ ನೀರಿನ ಅಲೆಯಂಥ ನವುರಾದ ರೇಖೆಗಳಿರುತ್ತವೆ. ಕೊಳ್ಳುವವನು ಅವನ್ನು ನೋಡಬಯಸುತ್ತಾನೆ. ಮಾರುವವನು ತುಕ್ಕನ್ನು ತಿಕ್ಕಿ ತೆಗೆದು, ಆಮ್ಲದ ಲೇಪವನ್ನು ಕೊಟ್ಟು ಅವನ್ನು ಮೇಲೆಬ್ಬಿಸುತ್ತಾನೆ. ತಿಳಿದವನು ಮಾಡಿದರೆ ಹಾನಿಯಿಲ್ಲ. ಅವಿವೇಕಿಯ ಕೈಗೆ ಸಿಕ್ಕಿದರೆ ತುಕ್ಕಿನೊಡನೆ ಬರಹವೂ ಹೋಗುತ್ತದೆ. ಆಮೇಲೆ ಆ ಆಯುಧವು ಚೆಲುವಾಗಿರುತ್ತದೆ, ಆದರೆ ಮೂಕವಾಗಿರುತ್ತದೆ.

ಮಾರುಕಟ್ಟೆಯು ಸ್ಥಳಕ್ಕಿಂತ ವ್ಯಕ್ತಿಗೆ ಹೆಚ್ಚು ಬೆಲೆ ಕೊಡುತ್ತದೆ. ಶಹಜಹಾನನ ಬಿರುದುಗಳನ್ನೂ ಹಿಜರಿ ೧೦೩೯ನ್ನೂ (ಕ್ರಿ. ಶ. ೧೬೨೯-೩೦) ಹೊತ್ತ ಬಾಕುವೊಂದು ೨೦೦೮ರಲ್ಲಿ ಲಂಡನ್ನಿನ ಬೋನ್ಹಾಮ್ಸ್ ಹರಾಜುಮನೆಯಲ್ಲಿ ೧೭ ಲಕ್ಷ ಪೌಂಡುಗಳಿಗೆ ಮಾರಾಟವಾಯಿತು. ಅಲ್ಲಿ ಹೆಸರನ್ನು ಹೇಳುವುದು ಆಯುಧವೇ. ವರ್ತಕನ ಮಾತಿನ ಆಸರೆ ಅದಕ್ಕೆ ಬೇಕಿಲ್ಲ. ಟಿಪ್ಪು ಸುಲ್ತಾನನ ವಿಷಯ ಇಷ್ಟು ಸರಳವಲ್ಲ. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣವು ಬಿದ್ದ ರಾತ್ರಿ ಸೈನಿಕರು ಊರನ್ನು ಸೂರೆಮಾಡಿದರು. ಆರ್ಥರ್ ವೆಲ್ಲೆಸ್ಲಿಯು ಅಧಿಕಾರ ವಹಿಸಿಕೊಂಡು ನಾಲ್ವರನ್ನು ಗಲ್ಲಿಗೇರಿಸಿದ ಮೇಲೆ ಲೂಟಿ ನಿಂತಿತು. ಅನಂತರ ಸೈನ್ಯವು ನೇಮಿಸಿದ ಪ್ರೈಜ್ ಏಜೆಂಟರು ಉಳಿದ ವಸ್ತುಗಳನ್ನು ಪಟ್ಟಿಮಾಡಿ ಹಂಚಿದರು, ಹರಾಜು ಹಾಕಿದರು. ಹೀಗೆ ಶ್ರೀರಂಗಪಟ್ಟಣದ ಆಯುಧಗಳು ಮೊದಲ ದಿನದಿಂದಲೇ ಎರಡು ದಾರಿಗಳಲ್ಲಿ ಹೊರಟವು: ದಾಖಲೆಯಿರುವ ದಾರಿಯೊಂದು, ಬಜಾರಿನ ದಾರಿ ಮತ್ತೊಂದು. ಬಜಾರಿನಲ್ಲಿ ಕೈಬದಲಾದುದರ ಬಗ್ಗೆ ಸೈನಿಕರ ಕುಟುಂಬಗಳಲ್ಲಿ ಉಳಿದು ಬಂದ ಮಾತೇ ಆಧಾರ.

ಆ ಹೆಸರಿಗಿರುವ ಬೆಲೆಯಾದರೋ ಏರುತ್ತಲೇ ಇದೆ. ೨೦೧೫ರ ಏಪ್ರಿಲಿನಲ್ಲಿ ಅದೇ ಹರಾಜುಮನೆಯಲ್ಲಿ ಟಿಪ್ಪುವಿಗೆ ಸಂಬಂಧಿಸಿದ ೩೦ ವಸ್ತುಗಳು ಒಟ್ಟು ೬೦ ಲಕ್ಷ ಪೌಂಡುಗಳಿಗೂ ಮೀರಿ ಮಾರಾಟವಾದವು; ೨೦೨೩ರ ಮೇ ತಿಂಗಳಲ್ಲಿ ಆತನ ಶಯನಾಗಾರದ ಖಡ್ಗವೊಂದಕ್ಕೇ ೧ ಕೋಟಿ ೪೦ ಲಕ್ಷ ಪೌಂಡುಗಳು ದೊರೆತವು. ಈ ಖಡ್ಗವು ಜನರಲ್ ಬೇರ್ಡನಿಗೆ ಸೈನ್ಯವು ಕಾಣಿಕೆಯಾಗಿ ಕೊಟ್ಟುದು; ಅದರ ಪೂರ್ವೋತ್ತರ ಸ್ಪಷ್ಟವಾಗಿದೆ. ಆದರೆ ಇಂಥ ಬೆಲೆಗಳು ಹುಟ್ಟಿಸುವ ಆಸೆಯು ಸ್ಪಷ್ಟತೆಯಿಲ್ಲದ ಆಯುಧಗಳ ಮೇಲೂ ಬೀಳುತ್ತದೆ. ಟಿಪ್ಪುವಿನ ಲಾಂಛನವಾದ ಹುಲಿಪಟ್ಟೆಯನ್ನು ಹಳೆಯ ಬಾಕುವಿನ ಮೇಲೆ ಚಿನ್ನದಲ್ಲಿ ಹೊಸದಾಗಿ ಕೂಡಿಸುವುದು ಕುಶಲಿಯಾದ ಅಕ್ಕಸಾಲಿಗನಿಗೆ ಅಸಾಧ್ಯವಲ್ಲ. ಹಳೆಯ ಅಲಗಿಗೆ ಹೊಸ ಹಿಡಿಯನ್ನು ಸೇರಿಸುವುದಂತೂ ಹಿಂದಿನಿಂದ ಬಂದ ರೂಢಿ. ಎಲ್ಲವೂ ವಂಚನೆಯಲ್ಲ, ಸಿಲೇಖಾನೆಗಳಲ್ಲಿಯೇ ಅಂಥ ರಿಪೇರಿ ನಡೆಯುತ್ತಿತ್ತು. ಪರೀಕ್ಷಿಸುವವನು ಚಿನ್ನದ ಅಡಿಯನ್ನು ನೋಡಬೇಕು. ತುಕ್ಕು ತಿಂದು ಕುಳಿಬಿದ್ದ ಕಬ್ಬಿಣದ ಮೇಲೆ ಚಿನ್ನವು ಅಖಂಡವಾಗಿ ಹರಡಿದ್ದರೆ ಚಿನ್ನವು ತುಕ್ಕಿಗಿಂತ ಈಚಿನದು.

ಗುರುತೂ ಇಲ್ಲ, ಬರಹವೂ ಇಲ್ಲ ಎಂದಾಗ ಬೇರೆ ಬಗೆಯ ಸಾಕ್ಷ್ಯವು ನೆರವಿಗೆ ಬರುವುದುಂಟು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯವು ೨೦೧೧ರಲ್ಲಿ ೧೬ನೆಯ ಶತಮಾನದ ದಖ್ಖನೀ ಬಾಕುವೊಂದನ್ನು ಕೊಂಡಿತು. ಚಿನ್ನದ ಲೇಪವುಳ್ಳ ತಾಮ್ರದ ಹಿಡಿ, ಅದರ ಮೇಲೆ ಒಂದನ್ನೊಂದು ಹಿಡಿದಿರುವ ಮೃಗಗಳು, ನಡುನಡುವೆ ಮಾಣಿಕ್ಯಗಳು. ಬಿಜಾಪುರದ ಅಲಿ ಆದಿಲಶಹನ ಚಿತ್ರಗಳಲ್ಲಿ ಇದೇ ಜಾತಿಯ ಬಾಕು ಕಾಣುತ್ತದೆ. ಆಯುಧವು ಮರೆತ ಊರನ್ನು ಚಿತ್ರಕಾರನ ಕುಂಚವು ನೆನಪಿಟ್ಟಿದೆ. ಆದರೆ ಚಿತ್ರದಲ್ಲಿ ದೊರೆಯುವುದು ಸುಲ್ತಾನನ ಬಾಕು. ಸಾಮಾನ್ಯ ಕಾಲಾಳಿನ ಕಠಾರಿಯನ್ನು ಅಷ್ಟು ಕೂಲಂಕಷವಾಗಿ ಬರೆದ ಚಿತ್ರಕಾರನಿಲ್ಲ.

ಇಲ್ಲಿ ಕೊಡಗಿನ ಪೀಚೆಕತ್ತಿಯ ಮಾತೊಂದನ್ನು ಹೇಳುವುದು ಅಪ್ರಸ್ತುತವಾಗಲಾರದು. ವಿದೇಶೀ ವರ್ತಕರ ಪಟ್ಟಿಗಳಲ್ಲಿ ಇದು ಯುದ್ಧಾಯುಧಗಳ ಸಾಲಿನಲ್ಲಿ ಕಾಣುತ್ತದೆ. ನಮ್ಮವರಿಗಾದರೋ ಇದು ಮದುವಣಿಗನು ಚೇಲೆಯಲ್ಲಿ ಸಿಕ್ಕಿಸಿಕೊಳ್ಳುವ, ಬೆಳ್ಳಿಯ ಕೆಲಸವುಳ್ಳ, ಇಂದಿಗೂ ತಯಾರಾಗುವ ಆಭರಣಪ್ರಾಯವಾದ ವಸ್ತು. ಲಾರ್ಡ್ ಎಗರ್ಟನ್ ೧೮೮೦ರಲ್ಲಿ ಭಾರತೀಯ ಆಯುಧಗಳನ್ನು ಕುರಿತ ಕೈಪಿಡಿಯನ್ನು ಪ್ರಕಟಿಸಿ, ಅವನ್ನು ಪ್ರದೇಶ ಜನಾಂಗಗಳಿಗೆ ಅನುಸಾರವಾಗಿ ವಿಂಗಡಿಸಿದನು. ಆ ವಿಂಗಡಣೆಯು ವರ್ತಕರ ಭಾಷೆಯಲ್ಲಿ ಇಂದಿಗೂ ಮಾನ್ಯ. ಅದನ್ನು ತಿದ್ದತಕ್ಕವರು ಆ ಆಯುಧಗಳ ಹೆಸರನ್ನು ಮನೆಮಾತಿನಲ್ಲಿ ಬಲ್ಲವರು.

ಭಾರತದಲ್ಲಿ ಈಗ ಈ ವ್ಯಾಪಾರಕ್ಕೆ ೧೯೭೨ರ ಪ್ರಾಚೀನವಸ್ತುಗಳ ಕಾಯಿದೆಯ ಕಟ್ಟು ಇದೆ. ೧೯೭೬ರಲ್ಲಿ ಜಾರಿಗೆ ಬಂದ ಇದರಂತೆ ನೂರು ವರ್ಷಕ್ಕೆ ಮೇಲ್ಪಟ್ಟ ವಸ್ತುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಅವನ್ನು ದೇಶದ ಹೊರಗೆ ಒಯ್ಯುವಂತಿಲ್ಲ. ಅದಕ್ಕೆ ಮೊದಲು ಹೊರಗೆ ಹೋದವುಗಳ ಮೇಲೆ ಕಾಯಿದೆಯ ಹಿಡಿತವಿಲ್ಲ. ಅಂಥ ಕಠಾರಿಯೊಂದು ಒಬ್ಬ ಸಂಗ್ರಾಹಕನ ಮನೆಯಿಂದ ಮತ್ತೊಬ್ಬನ ಮನೆಗೆ ಹೋಗುವ ನಡುವೆ ಕೆಲವು ವಾರಗಳ ಕಾಲ ಹರಾಜಿನ ಪಟ್ಟಿಯಲ್ಲಿ ಛಾಯಾಚಿತ್ರಸಮೇತ ಎಲ್ಲರ ಕಣ್ಣಿಗೂ ಬೀಳುತ್ತದೆ. ಆ ಪಟ್ಟಿಗಳಲ್ಲಿ ನಮ್ಮ ವಿದ್ಯಾರ್ಥಿಗಳು ಮೊದಲು ನೋಡತಕ್ಕದ್ದು ಮುಖಪುಟದ ಖಡ್ಗವನ್ನಲ್ಲ. ಹಿಂದಿನ ಪುಟಗಳಲ್ಲಿ ಎರಡು ಸಾಲಿನ ವಿವರಣೆಯೊಡನೆ ಅಚ್ಚಾಗಿರುವ, ಹಿಡಿಯ ಪಕ್ಕದಲ್ಲಿ ಒಂದಿಷ್ಟು ಬಿಂದುಗಳುಳ್ಳ ಕಠಾರಿಯನ್ನು. ಹರಾಜು ಮುಗಿದ ಮೇಲೆ ಕೊಂಡವನ ಹೆಸರನ್ನು ಸಾಮಾನ್ಯವಾಗಿ ಪ್ರಕಟಿಸುವುದಿಲ್ಲ.