ಪರಂಗಿ ಹುಣ್ಣು: ಹೆಸರಿಸಲಾರದ ರೋಗದ ಚರಿತ್ರೆ

ಕಳೆದ ಚಳಿಗಾಲದ ಒಂದು ಭಾನುವಾರ ವಸಂತ್ ಕುಂಜ್‌ನ ನಮ್ಮ ಮನೆಗೆ ಊರ ಕಡೆಯ ತರುಣನೊಬ್ಬ ಬಂದಿದ್ದ. ಕಾಫಿ ಮುಗಿದರೂ ಏಳಲಿಲ್ಲ. ಕೊನೆಗೆ, "ಸರ್, ಉಷ್ಣ ಆಗಿ ಕೆಳಗೆ ಒಂದು ಹುಣ್ಣು ಎದ್ದಿತ್ತು. ನೋವಿರಲಿಲ್ಲ, ತಾನೇ ಮಾಯಿತು. ಈಗ ಅಂಗೈಯಲ್ಲಿ ಕೆಂಪು ಕಲೆಗಳು. ಡಾಕ್ಟರಿಗೆ ಹಿಂದಿಯಲ್ಲಿ ಏನೆಂದು ಹೇಳಲಿ?" ಎಂದು ಕೇಳಿದ. ಹಿಂದಿ ಇರಲಿ, ಕನ್ನಡದಲ್ಲೇ ನಮಗೆ ಮಾತು ಹೊರಡಲಿಲ್ಲ. ಆ ಮೌನದ ಚರಿತ್ರೆಯನ್ನು ಹುಡುಕಿದಾಗ ಕಂಡದ್ದನ್ನು ಇಲ್ಲಿ ಬರೆದಿದ್ದೇವೆ.

1495ರ ಸುಮಾರಿಗೆ ನೇಪಲ್ಸ್ ನಗರವನ್ನು ಹಿಡಿದ ಫ್ರೆಂಚ್ ಸೈನ್ಯದಲ್ಲಿ ಸಿಫಿಲಿಸ್ ಭೀಕರವಾಗಿ ಹಬ್ಬಿತು. ಇಟಲಿಯವರು ಅದನ್ನು ಫ್ರೆಂಚ್ ರೋಗವೆಂದರು; ಫ್ರೆಂಚರು ನೇಪಲ್ಸ್ ರೋಗವೆಂದರು. ನಮ್ಮಲ್ಲಿಯೂ ಹಾಗೆಯೇ. ಹದಿನಾರನೆಯ ಶತಮಾನದ ಭಾವಮಿಶ್ರನು 'ಭಾವಪ್ರಕಾಶ'ದಲ್ಲಿ ಇದನ್ನು ಫಿರಂಗ ರೋಗವೆಂದು ಕರೆದು, ಫಿರಂಗಿಯರ ಸಂಸರ್ಗದಿಂದ ಬರುವುದೆಂದು ವಿವರಿಸಿದನು. ಕನ್ನಡದಲ್ಲಿ ಅದು ಪರಂಗಿ ಹುಣ್ಣಾಯಿತು. ಪರಂಗಿ ಹಣ್ಣನ್ನು ನಾವು ನಮ್ಮದಾಗಿಸಿಕೊಂಡೆವು. ಪರಂಗಿ ಹುಣ್ಣನ್ನು ಮಾತ್ರ ಸದಾ ಪರರದೆಂದೇ ಎಣಿಸಿದೆವು.

ಆಳುವವರು ಬಂದಾಗ ದೂಷಣೆಯ ದಿಕ್ಕು ಬದಲಾಯಿತು. 1809ರಲ್ಲಿ ಸ್ಥಾಪಿತವಾದ ಬೆಂಗಳೂರಿನ ದಂಡು ಪ್ರದೇಶದಲ್ಲಿಯೂ, ಮದರಾಸು ಪ್ರಾಂತ್ಯದ ಇತರ ದಂಡುಗಳಲ್ಲಿ ಇದ್ದಂತೆ, 'ಲಾಕ್ ಆಸ್ಪತ್ರೆ' ಇತ್ತು. 1864ರ ಕಂಟೋನ್ಮೆಂಟ್ ಕಾಯಿದೆ ಮತ್ತು 1868ರ ಸಾಂಕ್ರಾಮಿಕ ರೋಗಗಳ ಕಾಯಿದೆಗಳ ಅನ್ವಯ ವೇಶ್ಯಾವೃತ್ತಿಯ ಸ್ತ್ರೀಯರನ್ನು ನೋಂದಾಯಿಸಿ, ಕಡ್ಡಾಯವಾಗಿ ಪರೀಕ್ಷಿಸಿ, ರೋಗವಿದ್ದರೆ ಅಲ್ಲಿಯೇ ಇರಿಸಿಕೊಳ್ಳುತ್ತಿದ್ದರು. ಅವರ ಬಳಿಗೆ ಹೋಗುತ್ತಿದ್ದ ಸೈನಿಕನಿಗೆ ಅಂತಹ ನೋಂದಣಿಯೂ ಇರಲಿಲ್ಲ, ಬಂಧನವೂ ಇರಲಿಲ್ಲ. ರೋಗವು ಇಬ್ಬರ ನಡುವೆ ಹರಡುವಾಗ ಒಬ್ಬರನ್ನು ಮಾತ್ರ ಹಿಡಿದಿಟ್ಟರೆ ಅದು ನಿಲ್ಲುವುದು ಹೇಗೆ? ಪ್ರತಿಭಟನೆಗಳ ಫಲವಾಗಿ 1888ರಲ್ಲಿ ಆ ಕಾಯಿದೆ ರದ್ದಾಯಿತು. ಕಳಂಕ ರದ್ದಾಗಲಿಲ್ಲ.

ಅಷ್ಟರಲ್ಲಿ ವಿಜ್ಞಾನ ರೋಗಾಣುಗಳ ಬೆನ್ನು ಹತ್ತಿತ್ತು. 1879ರಲ್ಲಿ ನೈಸರ್ ಗೊನೋರಿಯಾದ ರೋಗಾಣುವನ್ನೂ, 1905ರಲ್ಲಿ ಶಾಡಿನ್ ಮತ್ತು ಹಾಫ್‌ಮನ್ ಸಿಫಿಲಿಸ್‌ನದನ್ನೂ ಗುರುತಿಸಿದರು. 1906ರಲ್ಲಿ ವಾಸರ್‌ಮನ್ ರಕ್ತಪರೀಕ್ಷೆ ಬಂದಿತು. 1943ರಲ್ಲಿ ಪೆನಿಸಿಲಿನ್ ಸಿಫಿಲಿಸ್ ಅನ್ನು ಗುಣಪಡಿಸುತ್ತದೆಂದು ಸಿದ್ಧವಾಯಿತು. ನಾಲ್ಕೂವರೆ ಶತಮಾನಗಳ ಪೀಡೆಗೆ ಮದ್ದು ಸಿಕ್ಕಿತು. ಹೇಳಿಕೊಳ್ಳುವ ಮಾತು ಮಾತ್ರ ಸಿಗಲಿಲ್ಲ.

ಆ ಮಾತುಗಳನ್ನು ಈಗ ಬಿಚ್ಚಿ ಹೇಳುವುದೇ ಉಚಿತ. ಸಿಫಿಲಿಸ್‌ನ ಮೊದಲ ಗುರುತು, ಸಂಪರ್ಕವಾದ ಸುಮಾರು ಮೂರು ವಾರಗಳಿಗೆ ಕಾಣುವ ನೋವಿಲ್ಲದ ಹುಣ್ಣು. ಮದ್ದಿಲ್ಲದೆಯೂ ಅದು ಮಾಯುತ್ತದೆ, ಮೋಸವಿರುವುದು ಅಲ್ಲಿಯೇ. ಮುಂದೆ ಅಂಗೈ, ಅಂಗಾಲುಗಳಲ್ಲಿಯೂ ಕಾಣುವ ಕಲೆಗಳು, ಜ್ವರ. ಬಳಿಕ ದೀರ್ಘ ಮೌನ. ವರ್ಷಗಳ ನಂತರ ಕೆಲವರಲ್ಲಿ ಹೃದಯ, ಮಿದುಳುಗಳಿಗೆ ಹಾನಿ. ಗೊನೋರಿಯಾ ಆದ ಪುರುಷರಲ್ಲಿ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಉರಿಮೂತ್ರ, ಕೀವು. ಇದನ್ನೇ ನಾವು 'ಉಷ್ಣ'ವೆಂದು ಎಳನೀರು, ಜೀರಿಗೆ ನೀರು ಕುಡಿದು ಕಾಯುತ್ತೇವೆ. ಸ್ತ್ರೀಯರಲ್ಲಿ ಹಲವು ಬಾರಿ ಲಕ್ಷಣವೇ ಇರದು. ಇದ್ದರೂ 'ಬಿಳಿ ಸೆರಗು' ಎಂದು ಸುಮ್ಮನಾಗುತ್ತಾರೆ. ಬಣ್ಣ, ವಾಸನೆ ಬದಲಾದ ಸ್ರಾವ, ಕೆಳಹೊಟ್ಟೆಯ ನೋವು ಉಪೇಕ್ಷಿಸುವಂಥವಲ್ಲ. ಬಹುತೇಕ ಸದ್ದಿಲ್ಲದೆ ಇರುವ ಕ್ಲಮಿಡಿಯಾ ಬಂಜೆತನಕ್ಕೂ ಕಾರಣವಾಗಬಲ್ಲದು. ನೋಯುವ ಸಣ್ಣ ಗುಳ್ಳೆಗಳ ಗುಂಪು ಹರ್ಪಿಸ್ ಇರಬಹುದು. ಅದು ಮರುಕಳಿಸುತ್ತದೆ, ಔಷಧಿ ಹತೋಟಿಯಲ್ಲಿಡುತ್ತದೆ. ಎಚ್‌ಐವಿ ವರ್ಷಗಟ್ಟಲೆ ಏನನ್ನೂ ತೋರಿಸದಿರಬಹುದು, ಪರೀಕ್ಷೆಯೊಂದೇ ದಾರಿ. ಲಕ್ಷಣಗಳು ಒಂದನ್ನೊಂದು ಹೋಲುವುದರಿಂದ ಸ್ವಯಂ ಚಿಕಿತ್ಸೆ ಸಲ್ಲದು.

ನಮ್ಮ ವಸಂತ್ ಕುಂಜ್‌ಗೆ ದೂರವಲ್ಲದ ಸಫ್ದರ್‌ಜಂಗ್ ಆಸ್ಪತ್ರೆ 1942ರಲ್ಲಿ ಮಹಾಯುದ್ಧದ ಸೈನಿಕರಿಗಾಗಿ ಹುಟ್ಟಿದ್ದು. ಇಂದು ಅಲ್ಲಿ ಈ ರೋಗಗಳ ಉನ್ನತ ಕೇಂದ್ರವಿದೆ. ಕರ್ನಾಟಕವೂ ಸೇರಿ ದೇಶದ ಅನೇಕ ಸರ್ಕಾರಿ ಆಸ್ಪತ್ರೆಗಳಲ್ಲಿ 'ಸುರಕ್ಷಾ ಕ್ಲಿನಿಕ್' ಎಂಬ ಹೆಸರಿನಲ್ಲಿ ಉಚಿತ ತಪಾಸಣೆ, ಚಿಕಿತ್ಸೆ ದೊರೆಯುತ್ತದೆ. ಆ ತರುಣನೊಡನೆ ನಾವೂ ಆಸ್ಪತ್ರೆಗೆ ಹೋದೆವು. ಅವನು ಹಿಂದಿಯಲ್ಲಿ 'ಗರ್ಮಿ' ಎಂದು ಆರಂಭಿಸಿದ. ನಮ್ಮ 'ಉಷ್ಣ'ದ ಸೋದರ ಪದ. ವೈದ್ಯರು ನಗಲಿಲ್ಲ, ಉಪದೇಶ ಮಾಡಲಿಲ್ಲ. ರಕ್ತಪರೀಕ್ಷೆಯಲ್ಲಿ ಸಿಫಿಲಿಸ್ ಖಚಿತವಾಗಿ, ಪೆನಿಸಿಲಿನ್ ಚುಚ್ಚುಮದ್ದು ಕೊಟ್ಟು, "ನಿಮ್ಮ ಜೊತೆಗಾರರನ್ನೂ ಕರೆತನ್ನಿ" ಎಂದರು. ಲಾಕ್ ಆಸ್ಪತ್ರೆಗಳ ಕಾಲದಲ್ಲಿ ಇಬ್ಬರನ್ನೂ ಸಮನಾಗಿ ಕಾಣುವ ಈ ಮಾತು ಇರಲಿಲ್ಲ.

ಮರಳುವಾಗ ಆಟೋದಲ್ಲಿ ಅವನು ಕೇಳಿದ: "ಅವಳಿಗೆ ಹೇಗೆ ಹೇಳಲಿ ಸರ್?" "ಕನ್ನಡದಲ್ಲೇ ಹೇಳು, ರೋಗದ ಹೆಸರಿಟ್ಟೇ ಹೇಳು" ಎಂದೆವು. ಮುಂದಿನ ವಾರ ಇಬ್ಬರೂ ಆಸ್ಪತ್ರೆಗೆ ಹೋಗಿ ಬಂದರೆಂದು ತಿಳಿದು ನೆಮ್ಮದಿಯಾಯಿತು.