ಎರೆಮಣ್ಣು ಕಲಿಸಿದ ಬೇಸಾಯ



ಸಾವಯವ ಕೃಷಿಯೆಂಬುದು ಪಶ್ಚಿಮದಿಂದ ಬಂದ ಹೊಸ ವಿಚಾರವೆಂದು ನಮ್ಮಲ್ಲಿ ಅನೇಕರು ಭಾವಿಸಿದ್ದಾರೆ. ಇತಿಹಾಸ ಬೇರೆಯದನ್ನೇ ಹೇಳುತ್ತದೆ. ಆಲ್ಬರ್ಟ್ ಹೋವರ್ಡ್ ಎಂಬ ಆಂಗ್ಲ ಸಸ್ಯವಿಜ್ಞಾನಿ 1905ರಲ್ಲಿ ಬಿಹಾರದ ಪೂಸಾಕ್ಕೆ ಬಂದರು. ಕಲಿಸಲು ಬಂದವರು ಕ್ರಮೇಣ ಇಲ್ಲಿನ ರೈತರಿಂದಲೇ ಕಲಿಯತೊಡಗಿದರು. ಮುಂದೆ 1924ರಿಂದ 1931ರವರೆಗೆ ಇಂದೋರಿನ ಕಪ್ಪು ಮಣ್ಣಿನಲ್ಲಿ ದುಡಿದು, ಕಸಕಡ್ಡಿ, ಸಗಣಿ, ಗಂಜಲದಲ್ಲಿ ನೆನೆದ ಮಣ್ಣು, ಬೂದಿಗಳನ್ನು ಪದರಪದರವಾಗಿ ಹಾಸಿ, ಮಗುಚಿ, ಸುಮಾರು ಮೂರು ತಿಂಗಳಲ್ಲಿ ಗೊಬ್ಬರವಾಗಿಸುವ ಕ್ರಮವನ್ನು ರೂಪಿಸಿದರು. ಚೀನಾದ ರೈತರ ಅನುಭವವೂ ಅದರಲ್ಲಿ ಬೆರೆತಿತ್ತು.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿಯೂ ಅಂತಹ ಎರೆಭೂಮಿ ವಿಸ್ತಾರವಾಗಿದೆ. ಇಲ್ಲಿನ ಹಿರಿಯರು ಹಿಂಗಾರಿ ಬಿಳಿಜೋಳದ ನಡುವೆ ಕುಸುಬೆಯ ಸಾಲು ಬಿಡುತ್ತಿದ್ದರು, ತಿಪ್ಪೆಗೊಬ್ಬರ ಹೇರುತ್ತಿದ್ದರು, ಕುರಿಹಿಂಡುಗಳನ್ನು ಹೊಲದಲ್ಲಿ ತಂಗಿಸುತ್ತಿದ್ದರು. ಆ ಕಾಲವನ್ನು ಸುವರ್ಣಯುಗವೆನ್ನಲು ನನಗೆ ಮನಸ್ಸಿಲ್ಲ. ಮಳೆ ಕೈಕೊಟ್ಟರೆ ಜನ ಗುಳೆ ಹೋಗಬೇಕಿತ್ತು.

ಆದ್ದರಿಂದಲೇ ನೀರಿಗಾಗಿ ಆ ಜನ ಪಟ್ಟ ಶ್ರಮ ದೊಡ್ಡದು. ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಜಮಖಂಡಿ ತಾಲ್ಲೂಕಿನ ರೈತರು ತಾವೇ ಹಣ ಕೂಡಿಸಿ, ಮೈಮುರಿದು ದುಡಿದು, ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. 1989ರಲ್ಲಿ ಪೂರ್ಣಗೊಂಡ ಅದಕ್ಕೆ ‘ಶ್ರಮಬಿಂದು ಸಾಗರ’ವೆಂಬ ಹೆಸರು ಎಷ್ಟು ಒಪ್ಪುತ್ತದೆ!

ನೀರು ಬಂದಲ್ಲೆಲ್ಲ ಕಬ್ಬು ಹಬ್ಬಿತು. ಕಬ್ಬಿನೊಡನೆ ರಾಸಾಯನಿಕ ಗೊಬ್ಬರ ಬಂತು; ಕಟಾವಿನ ನಂತರ ರವದಿಗೆ ಬೆಂಕಿಯಿಡುವ ರೂಢಿಯೂ ಬಂತು. ಎರೆಮಣ್ಣು ನೀರನ್ನು ಬೇಗ ಬಸಿಯಗೊಡದು. ಅತಿಯಾಗಿ ಹಾಯಿಸಿದರೆ ಅಂತರ್ಜಲ ಮೇಲೇರುತ್ತದೆ, ಬಿಸಿಲಿಗೆ ನೀರು ಆವಿಯಾಗಿ ಉಪ್ಪು ಮಾತ್ರ ಮೇಲುಳಿಯುತ್ತದೆ. ಹೀಗೆ ಎಷ್ಟೋ ಹೊಲಗಳು ಸವಳು-ಜವಳಾದವು. ಬೆವರು ಸುರಿಸಿ ತಂದ ನೀರೇ ಮಣ್ಣನ್ನು ಕೆಡಿಸಿತೆಂಬುದು ನೋವಿನ ಸಂಗತಿ.

ಕರ್ನಾಟಕ 2004ರಲ್ಲಿ ಸಾವಯವ ಕೃಷಿ ನೀತಿಯನ್ನು ಪ್ರಕಟಿಸಿತು. ಆದರೆ ಸವಳು ನೆಲಕ್ಕೆ ಗೊಬ್ಬರವೊಂದೇ ಮದ್ದಲ್ಲ. ಬಸಿಗಾಲುವೆ ಬೇಕು, ನೀರಿನ ಮಿತಿ ಬೇಕು. ರವದಿಯನ್ನು ಸುಡದೆ ಸಾಲಿನಲ್ಲಿ ಹಾಸಿದರೆ ತೇವ ನಿಲ್ಲುತ್ತದೆ, ನೀರು ಹಾಯಿಸುವ ಸರದಿ ಕಡಿಮೆಯಾಗುತ್ತದೆ, ರವದಿ ಕೊಳೆತು ಗೊಬ್ಬರವಾಗುತ್ತದೆ. ಇಂದೋರಿನ ಪಾಠವೂ ಬಹುಮಟ್ಟಿಗೆ ಇದೇ ಆಗಿತ್ತು.

ಇದರಲ್ಲಿ ನಮ್ಮ ಅಡುಗೆಮನೆಯ ಪಾಲೂ ಇದೆ. ಮಹಾಲಿಂಗಪುರದ ಪೇಟೆ ಬೆಲ್ಲಕ್ಕೆ ಹೆಸರಾದುದು. ಬೆಲ್ಲ ಹೊಂಬಣ್ಣಕ್ಕೆ ತಿರುಗಲೆಂದು ಹೈಡ್ರೋಸ್ ಎಂಬ ರಾಸಾಯನಿಕವನ್ನು ಬೆರೆಸುವ ರೂಢಿ ನಾಡಿನ ಹಲವೆಡೆ ಇದೆ. ಅದನ್ನು ಬೆರೆಸದ ಬೆಲ್ಲ ಕಂದುಗಪ್ಪಾಗಿರುತ್ತದೆ. ಅಂಗಡಿಯಲ್ಲಿ ಅದನ್ನು ಬದಿಗೆ ಸರಿಸಿ, ಹೊಳೆಯುವ ಅಚ್ಚನ್ನು ಆರಿಸಿಕೊಳ್ಳುವವರು ನಾವೇ ಅಲ್ಲವೇ?