ಕದ್ರಿಯ ನೀರು, ಕುಮ್ಕಿಯ ಸೊಪ್ಪು: ತುಳುನಾಡಿನ ಭೂನೀತಿಯ ಒಂದು ವಿವೇಚನೆ

ಮಂಗಳೂರಿನ ಕದ್ರಿ ಮಂಜುನಾಥ ದೇವಾಲಯದಲ್ಲಿರುವ ಲೋಕೇಶ್ವರನ ಕಂಚಿನ ವಿಗ್ರಹದ ಪೀಠದ ಮೇಲೆ ಒಂದು ಸಂಸ್ಕೃತ ಶಾಸನವಿದೆ. ಆಳುಪ ಅರಸ ಕುಂದವರ್ಮನು ಕ್ರಿ.ಶ. 968ರಲ್ಲಿ ಕದಿರಿಕಾ ವಿಹಾರದಲ್ಲಿ ಈ ವಿಗ್ರಹವನ್ನು ಪ್ರತಿಷ್ಠಾಪಿಸಿದನೆಂದು ಅದು ತಿಳಿಸುತ್ತದೆ. ಬೌದ್ಧ, ನಾಥ, ಶೈವ ಪರಂಪರೆಗಳು ಕದ್ರಿಯಲ್ಲಿ ಹೇಗೆ ಕೂಡಿದವು ಎಂಬ ಚರ್ಚೆಗೆ ವಿದ್ವಾಂಸರು ಇದನ್ನು ಮುಖ್ಯ ಆಧಾರವಾಗಿ ಬಳಸುತ್ತ ಬಂದಿದ್ದಾರೆ. ಅದರೊಡನೆ ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ: ಇವೆಲ್ಲವೂ ಇದೇ ಗುಡ್ಡವನ್ನು ಏಕೆ ಆಶ್ರಯಿಸಿದವು? ಉತ್ತರದ ಒಂದು ಭಾಗ ದೇವಾಲಯದ ಹಿಂಬದಿಯ ಗೋಮುಖದಲ್ಲಿದೆ.

ಗುಡ್ಡದಿಂದ ಒಸರುವ ನೀರು ಗೋಮುಖದ ಮೂಲಕ ಕೆಳಗಿನ ಕೆರೆಗಳಿಗೆ ಇಳಿಯುತ್ತದೆ. ಭಕ್ತರು ಅದನ್ನು ಕಾಶೀ ಭಾಗೀರಥಿಯ ತೀರ್ಥವೆಂದು ನಂಬುತ್ತಾರೆ. ಭೂಮಿಯ ಲೆಕ್ಕದಲ್ಲಿ ಈ ನೀರಿನ ಮೂಲ ಕದ್ರಿಯ ಮುರಕಲ್ಲಿನ ಗುಡ್ಡವೇ. ಮುರಕಲ್ಲು ರಂಧ್ರಮಯವಾದ ಶಿಲೆ. ಅದು ಮಳೆಗಾಲದ ನೀರನ್ನು ಒಳಗೆ ಸೆಳೆದುಕೊಂಡು ಮೆಲ್ಲನೆ ಕೆಳಗೆ ಬಿಡುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಮಂಗಳೂರಿನಲ್ಲಿ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದುಹೋಗುತ್ತದೆ. ಉಳಿದ ತಿಂಗಳುಗಳ ಒರತೆಗೆ ಗುಡ್ಡವೇ ಕಣಜ. ನಂಬಿಕೆಯು ತೀರ್ಥಕ್ಕೆ ಪಾವಿತ್ರ್ಯವನ್ನು ಕೊಟ್ಟು ಕೆರೆಗಳನ್ನು ಕಾಪಾಡಿತು. ಆದರೆ ಮೂಲವನ್ನು ದೂರದ ಕಾಶಿಯಲ್ಲಿ ಕಂಡುದರಿಂದ, ನೀರನ್ನು ಹಿಡಿದಿಡುವ ಗುಡ್ಡ ಆ ಪಾವಿತ್ರ್ಯದ ಎಲ್ಲೆಯೊಳಗೆ ಪೂರ್ಣವಾಗಿ ಬರಲಿಲ್ಲ. ಕೆರೆಯ ಎಲ್ಲೆ ಅದರ ಮೆಟ್ಟಿಲುಗಳಲ್ಲಿ ಮುಗಿಯುತ್ತದೆಯೇ ಎಂಬುದು ಇಲ್ಲಿ ಹುಟ್ಟುವ ನೈತಿಕ ಪ್ರಶ್ನೆ.

ಇದು ಕೆರೆಗೆ ಮಾತ್ರ ಸೀಮಿತವಾದ ಪ್ರಶ್ನೆಯಲ್ಲ. ತುಳುನಾಡಿನ ಕೃಷಿಯೂ ಇದನ್ನೇ ಎದುರಿಸಿತ್ತು. ಇಲ್ಲಿ ಗದ್ದೆಗಳನ್ನು ಬಯಲು, ಮಜಲು, ಬೆಟ್ಟು ಎಂದು ವಿಂಗಡಿಸಲಾಗುತ್ತಿತ್ತು. ತಗ್ಗಿನ ಬಯಲಿಗೆ ನೀರಿನ ಆಸರೆ ಹೆಚ್ಚು. ಎತ್ತರದ ಬೆಟ್ಟುಗದ್ದೆ ಮಳೆಯನ್ನೇ ನಂಬಿರುತ್ತದೆ. ಗೊಬ್ಬರದ ಸೊಪ್ಪು, ದನದ ಮೇವು, ನೇಗಿಲಿನ ಮರ ಇವೆಲ್ಲ ಬರಬೇಕಾದುದು ಗುಡ್ಡದಿಂದ. ಗುಡ್ಡ ಬೋಳಾದರೆ ಗದ್ದೆಯೂ ಬಡವಾಗುತ್ತದೆ ಎಂಬುದು ಕೃಷಿಕರ ಅನುಭವದ ತಿಳಿವಳಿಕೆ.

ಈ ತಿಳಿವಳಿಕೆ ಕಾನೂನಿನ ಭಾಷೆ ಪಡೆದುದು ‘ಕುಮ್ಕಿ’ಯ ರೂಪದಲ್ಲಿ. ನೆರವು ಎಂಬ ಅರ್ಥದ ಪಾರಸಿ ಪದದಿಂದ ಬಂದ ಈ ಹೆಸರೇ ಅದರ ತಿರುಳನ್ನು ಹೇಳುತ್ತದೆ. ವರ್ಗಭೂಮಿಗೆ ತಾಗಿದ ನೂರು ಗಜದೊಳಗಿನ ಸರಕಾರಿ ಜಾಗದಿಂದ ಸೊಪ್ಪು, ಸೌದೆ, ಮೇವು ಪಡೆಯಲು ವರ್ಗದಾರನಿಗೆ ಅವಕಾಶವಿತ್ತು. ಅದು ಒಡೆತನವಲ್ಲ, ಬಳಕೆಯ ಸೌಲಭ್ಯ ಮಾತ್ರ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 79ನೆಯ ಕಲಮು ಕೂಡ ಕುಮ್ಕಿ, ಬಾಣೆ, ಕಾನೆ ಮೊದಲಾದ ಸೌಲಭ್ಯಗಳನ್ನು ಉಳಿಸಿಕೊಂಡಿತು. ಗದ್ದೆಯ ಬದುಕು ಅದರ ಅಂಚಿನ ಆಚೆಗೂ ಚಾಚಿದೆಯೆಂದು ಕಾನೂನು ಒಪ್ಪಿಕೊಂಡ ಅಪರೂಪದ ಉದಾಹರಣೆ ಇದು.

ಆದರೂ ಈ ವ್ಯವಸ್ಥೆಯನ್ನು ಆದರ್ಶವೆಂದು ಕೊಂಡಾಡುವಂತಿಲ್ಲ. ಸೊಪ್ಪು ಕಡಿದು ಹೊತ್ತು ತಂದವರು ಬಹುಮಟ್ಟಿಗೆ ಗೇಣಿ ಒಕ್ಕಲುಗಳು, ಕೂಲಿಯಾಳುಗಳು. ದಾಖಲೆಯಲ್ಲಿದ್ದ ಹೆಸರು ವರ್ಗದಾರನದು. ಮಲೆಕುಡಿಯ, ಮರಾಟಿ ಮೊದಲಾದ ಸಮುದಾಯಗಳು ಗುಡ್ಡದ ಕಾಡು ಸವರಿ ಸುಟ್ಟು ಮಾಡುತ್ತಿದ್ದ ‘ಕುಮೇರಿ’ ಬೇಸಾಯವನ್ನು ಮದ್ರಾಸ್ ಸರಕಾರ 1860ರ ವೇಳೆಗೆ ನಿರ್ಬಂಧಿಸಿತು. ಅದಕ್ಕೆ ಕೊಟ್ಟ ಕಾರಣ ಕಾಡಿನ ರಕ್ಷಣೆ. ಕಂದಾಯ ಕಟ್ಟುವವನ ಸೊಪ್ಪು ಸೌಲಭ್ಯವೆನಿಸಿತು, ಗುಡ್ಡವನ್ನೇ ನಂಬಿದವನ ಬೇಸಾಯ ವಿನಾಶವೆನಿಸಿತು. ರಕ್ಷಣೆಯ ಮಾತಿನೊಳಗೇ ಅಧಿಕಾರದ ಲೆಕ್ಕವೂ ಅಡಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ದಕ್ಷಿಣ ಕನ್ನಡದ ಅಸಂಖ್ಯ ಗೇಣಿದಾರರನ್ನು ಉಳುವ ನೆಲದ ಒಡೆಯರನ್ನಾಗಿಸಿತು. ಅದು ತಡವಾಗಿ ದೊರೆತ ನ್ಯಾಯ. ಆದರೆ ಗದ್ದೆಯ ಒಡೆತನ ಬದಲಾದಂತೆ ಗುಡ್ಡದ ಹೊಣೆ ಯಾರದೆಂಬುದು ಇತ್ಯರ್ಥವಾಗಲಿಲ್ಲ. ರಾಸಾಯನಿಕ ಗೊಬ್ಬರ ಬಂದ ಮೇಲೆ ಸೊಪ್ಪಿನ ಅಗತ್ಯವೂ ಕುಗ್ಗಿತು. ಕುಮ್ಕಿ ಜಾಗಗಳಲ್ಲಿ ಅಡಿಕೆ, ರಬ್ಬರು ತೋಟಗಳೆದ್ದವು. ಕುಮ್ಕಿಯನ್ನು ಕೃಷಿಕರಿಗೇ ಮಂಜೂರು ಮಾಡಬೇಕೆಂಬ ಬೇಡಿಕೆ ಒಂದು ಕಡೆ, ಭೂರಹಿತರಿಗೂ ಅದರಲ್ಲಿ ಪಾಲು ಬೇಕೆಂಬ ವಾದ ಇನ್ನೊಂದು ಕಡೆ. ಎರಡರ ಹಿಂದೆಯೂ ನಿಜವಾದ ಸಂಕಟಗಳಿವೆ. ಆದರೆ ಎರಡೂ ಗುಡ್ಡವನ್ನು ಹಂಚಬಹುದಾದ ಆಸ್ತಿಯೆಂದೇ ಕಾಣುತ್ತವೆ. ನೆರವು ಎಂಬ ಹಳೆಯ ಅರ್ಥ ಮರೆಯಾಗಿದೆ.

ಕದ್ರಿಯ ಗುಡ್ಡ ಇಂದು ನಗರದ ನಡುವಿದೆ. ಆಕಾಶವಾಣಿ ನಿಲಯ, ಉದ್ಯಾನ, ರಸ್ತೆಗಳು, ಬಹುಮಹಡಿ ವಸತಿಗಳು ಅದರ ಸುತ್ತಮುತ್ತ ನೆಲೆಸಿವೆ. ಕಾಂಕ್ರೀಟು ಹೊದ್ದ ಮುರಕಲ್ಲು ಮಳೆಯನ್ನು ಒಳಗೆ ಬಿಟ್ಟುಕೊಳ್ಳದು. ಸುರಿದ ನೀರು ಚರಂಡಿ ಹಿಡಿದು ಕಡಲು ಸೇರುತ್ತದೆ. ಇಲ್ಲಿ ಗುಡ್ಡದ ಮೇಲೆ ಮನೆ ಕಟ್ಟುವವನೂ ಕೆಳಗೆ ತೀರ್ಥ ಸ್ವೀಕರಿಸುವವನೂ ಒಬ್ಬನೇ ಆಗಿರಬಹುದು. ಕೆರೆಯ ಹೂಳೆತ್ತುವುದು ಪುಣ್ಯಕಾರ್ಯವಾದರೆ, ಗುಡ್ಡದ ಮೇಲೆ ನೀರಿಂಗಲು ನೆಲ ಬಿಡುವುದೂ ಅದರದೇ ಭಾಗ. ಕುಂದವರ್ಮನ ಶಾಸನ ಅರಸನ ಹೆಸರನ್ನು ಉಳಿಸಿತು. ಆ ವಿಹಾರಕ್ಕೆ ನೀರೂಡಿದ ಗುಡ್ಡಕ್ಕೆ ಶಾಸನವಿಲ್ಲ; ಅದಕ್ಕೆ ಸಾಕ್ಷಿ ಗೋಮುಖದ ಧಾರೆಯೊಂದೇ.